ಬಟ್ಟೆಯ ಹುಡ್, ಪ್ಲಾಸ್ಟಿಕ್ ಕಿಟಕಿ

ಮದುವೆಯಾಗಿ ಥಾಣೆಗೆ ಬಂದ ಮೊದಲ ಮಳೆಗಾಲದಲ್ಲಿ ನಮ್ಮ ಮನೆಯ ಒಂದೇ ಒಂದು ಟೇಬಲ್ ಫ್ಯಾನು ನನಗೆ ಗಾಳಿ ಹಾಕಿದ್ದು ಕಡಿಮೆ, ಕಾರಿಗೆ ಹಾಕಿದ್ದು ಹೆಚ್ಚು. ಹೊರಗೆ ಮಳೆ, ಒಳಗೆ ಸೆಕೆ. ನಾನು ಸ್ಟವ್ವಿನ ಮುಂದೆ ಬೆವರು ಸುರಿಸಿಕೊಂಡು ಗಂಜಿ ಬೇಯಿಸುತ್ತಿದ್ದರೆ, ಗೋಡೆಯಾಚೆಯ ಶೆಡ್ಡಿನಲ್ಲಿ ಆ ಫ್ಯಾನು ಕಾರಿನ ಬಟ್ಟೆಯ ಹುಡ್ಡಿಗೆ ಮುಖ ಮಾಡಿ ಗಿರ್ರೆಂದು ತಿರುಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹುಡುಗ ಹೇಗೆ, ಮಾವ ಹೇಗೆ ಎಂದೆಲ್ಲ ವಿಚಾರಿಸಿ ನನ್ನನ್ನು ಕೊಟ್ಟ ನಮ್ಮವರು, ಆ ಮನೆಯಲ್ಲೊಂದು ಕಾರಿದೆ, ಅದಕ್ಕೆ ಸೊಸೆಗಿಂತ ಹೆಚ್ಚು ಉಪಚಾರ ಎಂಬುದನ್ನು ಮಾತ್ರ ವಿಚಾರಿಸಿರಲಿಲ್ಲ.

ಕಾರು ನಮ್ಮದಲ್ಲ. ಥಾಣೆಯಲ್ಲೇ ಕೋಪರಿ ಎಂಬಲ್ಲಿನ ಹಳೆಯ ಬಂಗಲೆಯೊಂದರ ಒಡತಿಯದು. ಊರವರೆಲ್ಲ ಆಕೆಯನ್ನು ಆಜಿ ಎನ್ನುತ್ತಿದ್ದರು, ಮರಾಠಿಯಲ್ಲಿ ಅಜ್ಜಿ ಎಂದ ಹಾಗೆ. ಆಜಿಯ ಗಂಡ ಬದುಕಿದ್ದಾಗ ಷೋಕಿಗೆಂದು ಕೊಂಡ ವಿಲಾಯತಿ ಕಾರು ಅದು. ತಲೆಯ ಮೇಲೆ ತಗಡಿಲ್ಲ, ಕಬ್ಬಿಣದ ಕಡ್ಡಿಗಳ ಮೇಲೆ ಎಳೆದು ಕಟ್ಟಿದ ಕಪ್ಪು ಕ್ಯಾನ್ವಾಸ್. ಬೇಕೆಂದಾಗ ಕೊಡೆಯಂತೆ ಮಡಿಸಿ ಹಿಂದಕ್ಕೆ ಹಾಕಬಹುದು. ಯಜಮಾನರು ತೀರಿಕೊಂಡ ಮೇಲೂ ಆಜಿ ಅದನ್ನು ಮಾರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನು ಓಡಿಸಿದವರು ನನ್ನ ಮಾವ. ಬಂಗಲೆಯ ಹಿತ್ತಲಿನ ಶೆಡ್ಡಿಗೆ ತಾಗಿದ ಒಂದು ಕೋಣೆ, ಒಂದು ಅಡುಗೆಮನೆ ನಮಗೆ ಬಿಟ್ಟುಕೊಟ್ಟಿದ್ದರು. ಕಾರು ಓಡುವ ತನಕ, ಮಾವ ಓಡಿಸುವ ತನಕ ಆ ಮನೆ ನಮ್ಮದು. ಇದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಆದರೆ ನಮಗೆಲ್ಲ ಗೊತ್ತಿತ್ತು.

ಅತ್ತೆ ನಾನು ಬರುವ ಮೊದಲೇ ಹೋಗಿದ್ದರು. ನನ್ನ ಗಂಡ ತುರ್ಭೆಯ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಗಿದ್ದರು. ಬೆಳಗ್ಗೆ ಬೆಳಕು ಹರಿಯುವ ಮೊದಲು ಹೊರಟರೆ ಬರುವಾಗ ಕತ್ತಲೆ. ಹಗಲೆಲ್ಲ ಆ ಹಿತ್ತಲಿನಲ್ಲಿ ನಾನು, ಮಾವ ಮತ್ತು ಕಾರು. ನನಗೆ ಹೊಲಿಗೆ ಬರುತ್ತದೆ, ಸೀರೆಗಳಿಗೆ ಫಾಲ್ ಹಚ್ಚುತ್ತೇನೆ ಎಂದು ಗೊತ್ತಾದದ್ದೇ ತಡ, ಹುಡ್ಡಿನ ಚಾಕರಿ ಮೆಲ್ಲಗೆ ನನ್ನ ಕೊರಳಿಗೆ ಬಿತ್ತು.

ಆ ಚಾಕರಿ ಒಂದಲ್ಲ ಎರಡಲ್ಲ. ದಿನಾ ಬೆಳಗ್ಗೆ ಮೆತ್ತನೆಯ ಬ್ರಷ್ಷಿನಿಂದ ನೇಯ್ಗೆ ಹೋದ ದಿಕ್ಕಿಗೇ ಧೂಳು ತೆಗೆಯಬೇಕು, ಎದುರು ಉಜ್ಜಿದರೆ ಬಟ್ಟೆ ಜುಂಗು ಏಳುತ್ತದೆ. ಕಾಗೆ ಹಿಕ್ಕೆ ಹಾಕಿದರೆ ಒಣಗುವ ಮೊದಲು ಒದ್ದೆ ಬಟ್ಟೆಯಲ್ಲಿ ಎತ್ತಬೇಕು. ಸೋಪಿನ ಪುಡಿ ಹಾಕಲೇಬಾರದು. ಊರಿನಿಂದ ತರಿಸಿದ ಅಂಟುವಾಳದ ಕಾಯಿ ನೆನೆಸಿ ಆ ನೊರೆಯಲ್ಲಿ ತೊಳೆಯಬೇಕು, ನಮ್ಮ ಕಡೆ ರೇಷ್ಮೆ ಸೀರೆ ತೊಳೆದ ಹಾಗೆ. ಮೇ ತಿಂಗಳಿನಲ್ಲಿ ಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಇಡೀ ಹುಡ್ಡಿಗೆ ಬಳಿಯಬೇಕು. ಒದ್ದೆ ಇದ್ದಾಗ ಮಡಿಸಿದಿರೋ, ಎರಡೇ ದಿನಕ್ಕೆ ಬೂಷ್ಟು. ಅದಕ್ಕೇ ಆ ಫ್ಯಾನು. ಮಡಿಸುವಾಗ ಹಿಂಬದಿಯ ಪ್ಲಾಸ್ಟಿಕ್ ಕಿಟಕಿಗೆ ಗೆರೆ ಬೀಳದ ಹಾಗೆ ನಡುವೆ ಹಳೆಯ ಪಂಚೆ ಹಾಸಬೇಕು. ಎಲ್ಲ ಮುಗಿದ ಮೇಲೆ ಮಾವ ಬಂದು ಹುಡ್ಡಿನ ಮೇಲೆ ಅಂಗೈ ಆಡಿಸುತ್ತಿದ್ದರು, ಈ ತುದಿಯಿಂದ ಆ ತುದಿಗೆ, ಅವಸರವಿಲ್ಲದೆ. ಎಲ್ಲಾದರೂ ಮರಳಿನ ಒಂದು ಕಣ ಉಳಿದಿದ್ದರೂ ಅವರ ಕೈ ಅಲ್ಲೇ ನಿಲ್ಲುತ್ತಿತ್ತು. ಕಸುಬು ಗೊತ್ತಿದ್ದವರು ಹೀಗೆಯೇ ನೋಡುವುದು ಎಂದುಕೊಂಡಿದ್ದೆ.

ಮೂರನೆಯ ವರ್ಷ ಅವರು ಹಿಂಬದಿಯ ಕಿಟಕಿಯ ಬೆನ್ನು ಹತ್ತಿದರು. ಪ್ಲಾಸ್ಟಿಕ್ಕು ಹಳದಿಯಾಗಿತ್ತು, ನಿಜ. ಆದರೆ ಮಾವನಿಗೆ ಅದು ಮಬ್ಬಾಗಿ, ಹೊಗೆ ಕವಿದ ಹಾಗೆ ಕಾಣುತ್ತದಂತೆ, ಹಿಂದೆ ಬರುವ ಗಾಡಿ ಕಾಣುವುದೇ ಇಲ್ಲವಂತೆ. ಬಿಳಿ ಹಲ್ಲುಪುಡಿಯನ್ನು ನೀರಿನಲ್ಲಿ ಕಲಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಸುತ್ತಿ ಉಜ್ಜಲು ಹೇಳಿದರು. ಉಜ್ಜಿದೆ. ಮರುದಿನ ಮತ್ತೆ ಉಜ್ಜು ಎಂದರು. ವಾರದಲ್ಲಿ ನಾಲ್ಕು ಸಲ ಉಜ್ಜಿ ನನ್ನ ಭುಜದ ಸಂದು ಕಳಚಿ ಬರುವಂತಾಯಿತು. ನನಗಂತೂ ಅದರಾಚೆ ಬೇಲಿಯ ದಾಸವಾಳದ ಎಸಳೂ ಕಾಣುತ್ತಿತ್ತು. ಮುದುಕರಿಗೆ ಮರುಳು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಮುಂದೆಯೂ ನನ್ನ ರೋಗ ಅದೇ ಆಯಿತು.

ಕೊನೆಗೆ ಹೊಸ ಪ್ಲಾಸ್ಟಿಕ್ ಹಾಕಿಸುವುದೆಂದಾಯಿತು. ಮಳೆಗೆ ಇನ್ನು ಹತ್ತು ಹದಿನೈದು ದಿನ ಇರುವಾಗ ಕಾರನ್ನು ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿಗೆ ಒಯ್ದೆವು. ಅಲ್ಲಿ ರಸ್ತೆಬದಿಯ ತಗಡಿನ ಶೆಡ್ಡಿನಲ್ಲಿ ವಿಜಯಪುರ ಕಡೆಯವನೊಬ್ಬ ಜೀಪು, ರಿಕ್ಷಾಗಳ ಹುಡ್ ಹೊಲಿಯುತ್ತಿದ್ದ. ನಲವತ್ತರ ಆಸುಪಾಸಿನವನು, ಬಾಯಲ್ಲಿ ಸದಾ ದಾರ. ಮಾವನ ಜೊತೆಗಿಂತ ನನ್ನ ಜೊತೆ ಅವನಿಗೆ ಹೆಚ್ಚು ಮಾತು, ನಾನೂ ಸೂಜಿ ಹಿಡಿದವಳೆಂದು. ಕಿಟಕಿಯ ಸುತ್ತಲಿನ ಹೊಲಿಗೆಯನ್ನು ಅರ್ಧ ಬ್ಲೇಡಿನಿಂದ ಬಿಚ್ಚುತ್ತ ನನಗೆ ಪಾಠವನ್ನೂ ಹೇಳಿದ.

“ಅಕ್ಕಾರ, ಹುಡ್ ಬಿಚ್ಚೂದಿದ್ರ ದಾರ ಕೊಯ್ರಿ, ಬಟ್ಟಿ ಕೊಯ್ಬ್ಯಾಡ್ರಿ. ದಾರ ಹ್ವಾದ್ರ ತಾಸಿನ್ಯಾಗ ಹೊಲದು ಕೊಡ್ತೀನಿ. ಬಟ್ಟಿ ಹ್ವಾದ್ರ ಹುಡ್ಡಿನ ಜೀವಾನ ಹ್ವಾತು.”

ಮಾವ ಚಹಾ ಕುಡಿಯಲು ಮೂಲೆಯ ಹೋಟೆಲಿಗೆ ಹೋಗಿದ್ದರು. ಅಷ್ಟರಲ್ಲಿ ಇವನು ಹಳೆಯ ಪ್ಲಾಸ್ಟಿಕ್ಕನ್ನು ಪೂರ್ತಿ ಕಿತ್ತು ನೆಲದ ಮೇಲೆ ಹಾಸಿ, ಅದರ ಅಳತೆಗೆ ಹೊಸತನ್ನು ಕತ್ತರಿಸಲು ಕುಳಿತ. ಹುಡ್ಡಿನ ಹಿಂಬದಿಯಲ್ಲಿ ಕಿಟಕಿ ಇದ್ದಲ್ಲಿ ಬರೀ ಚೌಕದ ತೂತು. ಆಗಲೇ ಒಂದು ಟೆಂಪೋ ಬಂದು ದಾರಿಗಾಗಿ ಹಾರ್ನ್ ಹೊಡೆಯಿತು. ಮಾವ ತಿರುಗಿ ಬಂದವರು, ಗಾಡಿ ಒಂಚೂರು ಹಿಂದೆ ಹಾಕುತ್ತೇನೆ ಎಂದು ಸೀಟಿನಲ್ಲಿ ಕುಳಿತು, ತಲೆಯ ಮೇಲಿನ ಕನ್ನಡಿ ಸರಿಮಾಡಿ ಹಿಂದೆ ನೋಡಿದರು. ನಾವು ಮನೆಯಲ್ಲಿ ತುಳು ಆಡುವವರು, ಆದರೆ ಹುಡ್ಡಿನವನಿಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು.

“ಹೊಸತು ಹಾಕಿದ್ರೂ ಮಬ್ಬೇ ಉಂಟಲ್ಲ ಮಾರಾಯ. ಒಮ್ಮೆ ಒರಸು ನೋಡುವ.”

ಹುಡ್ಡಿನವನು ಕತ್ತರಿ ಹಿಡಿದಲ್ಲೇ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಆಮೇಲೆ ಅವನು ಎದ್ದು, ಹೆಗಲ ಮೇಲಿನ ಬಟ್ಟೆ ತೆಗೆದು, ಕಾರಿನ ಹಿಂದೆ ಹೋಗಿ ಆ ತೂತಿನಲ್ಲಿ ಬರೀ ಗಾಳಿಯನ್ನು ಎರಡು ಸಲ ಒರೆಸಿದ. ಈಗ ಹೆಂಗದ ಎಂದು ಕೇಳಿದ. ಮಾವ ಈಗ ಅಡ್ಡಿಯಿಲ್ಲ ಎಂದರು. ಅವನು ಕಾರಿನ ಮೈ ತಟ್ಟಿ ತಟ್ಟಿ, ಬರ್ರಿ ಬರ್ರಿ ಎಂದು ಹಿಂದೆ ಹಾಕಿಸಿದ.

ಹೊರಡುವ ಮುಂಚೆ ಮಾವನಿಗೆ ಕೇಳದ ಹಾಗೆ ಅವನು ನನಗೆ ಒಂದು ಮಾತು ಹೇಳಿದ. “ಹೇಳೂದು ಬಿಡೂದು ನಿಮಗ ಬಿಟ್ಟದ್ದು. ನಾ ಆಗಿದ್ರ ಈ ಗಾಡ್ಯಾಗ ಕೂಡ್ತಿದ್ದಿಲ್ರಿ.”

ಆದರೆ ನಾನು ಕುಳಿತೆ. ಆ ದಿನವೂ ಕುಳಿತೆ, ಆಮೇಲೂ ಕುಳಿತೆ. ರಾತ್ರಿ ಗಂಡನಿಗೆ ಹೇಳಿದಾಗ ಅವರು ಒಂದೊಂದಾಗಿ ಲೆಕ್ಕ ಹಾಕಿದರು. ಆಜಿಗೆ ಹೇಳಿದರೆ ಮನೆ ಹೋಯಿತು. ಅಪ್ಪನಿಗೆ ಹೇಳಿದರೆ ಅವರೇ ಹೋಗಿ ಆಜಿಗೆ ಹೇಳುವವರು. ಮಳೆಗಾಲದಲ್ಲಿ ಗಂಟುಮೂಟೆ ಕಟ್ಟಿ ಎಲ್ಲಿಗೆ ಹೋಗುವುದು? ಮಳೆ ಒಂದು ಮುಗಿಯಲಿ ಎಂದರು. ನಾನು ಒಪ್ಪಿದೆ. ಗಂಡ ಹೇಳಿದ್ದಕ್ಕೆ ಒಪ್ಪಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಅದು ಸುಳ್ಳು. ನನಗೂ ಆ ಮನೆ ಬೇಕಿತ್ತು. ಬಾಗಿಲ ಮುಂದೆ ಸ್ವಂತ ನಲ್ಲಿ ಇದ್ದ ಮನೆ ಅದು.

ಆಜಿ ಹೆಚ್ಚು ತಿರುಗುವವರಲ್ಲ. ಆದಿತ್ಯವಾರ ಬೆಳಗ್ಗೆ ಸೇತುವೆ ದಾಟಿ ತಲಾವ್ ಪಾಳಿಯ ಕೆರೆಯ ದಂಡೆಯಲ್ಲಿ ಒಂದು ಸುತ್ತು, ದೇವಸ್ಥಾನ, ವಾಪಸು. ಆ ದಾರಿ ಮಾವನಿಗೆ ಕಂಠಪಾಠ. ಆಜಿಯ ಕೊಡೆ ಹಿಡಿಯಲು ಜನ ಬೇಕಲ್ಲ ಎಂದು ನೆವ ಹೇಳಿ ನಾನೂ ಮುಂದಿನ ಸೀಟಿನಲ್ಲಿ ಕೂರತೊಡಗಿದೆ. ದಾರಿಯುದ್ದಕ್ಕೂ ಏನೋ ಮಾತಿಗೆ ಹೇಳಿದ ಹಾಗೆ ಹೇಳುತ್ತಿದ್ದೆ. ಮಾವ, ಎಮ್ಮೆ ನೋಡಿ ಎಷ್ಟು ದಪ್ಪ ಉಂಟು. ಮಾವ, ಆ ಬಸ್ಸಿನವನು ನಡುದಾರಿಯಲ್ಲೇ ನಿಲ್ಲಿಸಿದ್ದಾನಲ್ಲ. ಆಜಿ ನಗುತ್ತಿದ್ದರು, ನಿಮ್ಮ ಸೊಸೆಗೆ ಇನ್ನೂ ಊರು ಹೊಸತು ಎನ್ನುತ್ತಿದ್ದರು. ಮಾವ ಏನೂ ಹೇಳುತ್ತಿರಲಿಲ್ಲ, ಆದರೆ ನಾನು ಹೇಳಿದಲ್ಲಿ ಅವರ ಕಾಲು ಬ್ರೇಕಿಗೆ ಹೋಗುತ್ತಿತ್ತು. ಮನೆಗೆ ಬಂದು ಇಳಿಯುವಷ್ಟರಲ್ಲಿ ನನ್ನ ರವಿಕೆ ಬೆನ್ನಿಗೆ ಅಂಟಿರುತ್ತಿತ್ತು. ಆ ಮೇಲೆ ಹುಡ್ಡಿನ ನೀರು ಒರೆಸಿ, ಫ್ಯಾನು ಹಚ್ಚಿ, ಹೊಸ ಪ್ಲಾಸ್ಟಿಕ್ ಕಿಟಕಿಯನ್ನು ಹಲ್ಲುಪುಡಿಯಲ್ಲಿ ಉಜ್ಜುತ್ತಿದ್ದೆ. ಉಜ್ಜುವ ಅಗತ್ಯ ಇಲ್ಲವೆಂದು ಗೊತ್ತಿದ್ದೂ ಉಜ್ಜುತ್ತಿದ್ದೆ, ಯಾಕೆಂದರೆ ಬಿಟ್ಟರೆ ಯಾಕೆ ಬಿಟ್ಟೆ ಎಂದು ಅವರು ಕೇಳುವವರು.

ಆಷಾಢದ ಒಂದು ಆದಿತ್ಯವಾರ ಆಜಿ ಏನೋ ಕೇಳಿದರೆಂದು ನಾನು ಹಿಂದೆ ತಿರುಗಿದೆ. ಅಷ್ಟೇ ಹೊತ್ತು. ಕಾರು ಹೋಗಿ ಬಾಳೆಹಣ್ಣಿನ ಕೈಗಾಡಿಗೆ ತಾಗಿತು. ಗೊನೆಗಳು ಕೆಸರಿಗೆ ಬಿದ್ದವು, ಗಾಡಿಯವನು ಹಾರಿ ಪಾರಾದ. ಬ್ರೇಕು ಸಡಿಲವಾಗಿದೆ ಎಂದು ಮಾವ ಹೇಳಿದರು. ಆಜಿ ಉಲ್ಟಾ ಗಾಡಿಯವನಿಗೇ ಗದರಿದರು. ಅವನ ಹಿಂದೆ ಹತ್ತು ಹೆಜ್ಜೆಗೆ ರೇನ್‌ಕೋಟು ಹಾಕಿದ ಇಬ್ಬರು ಚಿಕ್ಕ ಮಕ್ಕಳು ನಿಂತಿದ್ದುದನ್ನು ನಾನು ನೋಡಿದೆ. ಮನೆಗೆ ಬಂದು ಮಾವನಿಗೆ ಊಟಕ್ಕೆ ಬಡಿಸಿದೆ. ಹೇಳಿಬಿಡಬೇಕು ಎಂದು ಬಟ್ಟಲು ಮುಂದಿಟ್ಟುಕೊಂಡು ಕುಳಿತ ಮಾವನ ಎದುರು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಸಾರಿಗೆ ಉಪ್ಪು ಸಾಕಾ ಎಂದು ಕೇಳಿದೆ.

ಶ್ರಾವಣದಲ್ಲಿ ಡೊಂಬಿವಲಿಯ ಆಸ್ಪತ್ರೆಯಲ್ಲಿ ಆಜಿಯ ಮೊಮ್ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಬಂಗಲೆಯಲ್ಲಿ ಪೇಢೆ ಹಂಚಿದರು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹುಟ್ಟಿದ ಮಗು ಆಸ್ಪತ್ರೆಯಿಂದ ಮನೆಗೆ ಬರುವುದು ಇದೇ ಕಾರಿನಲ್ಲಿ. ಈ ಮೊಮ್ಮಗಳನ್ನೂ ಹಾಗೆಯೇ ತಂದದ್ದು, ಆಗ ಕಾರು ಓಡಿಸಿದ್ದು ಹೊಸದಾಗಿ ಕೆಲಸಕ್ಕೆ ಸೇರಿದ್ದ ನನ್ನ ಮಾವ. ಈಗ ಅವಳ ಮಗುವನ್ನು ತರುವವರೂ ಅವರೇ. ಆಜಿ ದಿನ ಗೊತ್ತುಮಾಡಿದರು. ಹಿಂದಿನ ಸೀಟಿನಲ್ಲಿ ಬಾಣಂತಿ, ಮಗು, ಆಜಿ. ಮುಂದೆ ಮಗುವಿನ ಅಪ್ಪ. ನೀನು ಇಲ್ಲೇ ಇದ್ದು ಆರತಿಗೆ ಸಿದ್ಧ ಮಾಡು ಎಂದು ನನಗೆ ಹೇಳಿದರು. ಕಾರಿನಲ್ಲಿ ನನಗೆ ಜಾಗ ಇರಲಿಲ್ಲ.

ಥಾಣೆಯಿಂದ ಡೊಂಬಿವಲಿಗೆ ರಸ್ತೆಯಲ್ಲಿ ಹೋಗಿ ಬರುವುದು ತಲಾವ್ ಪಾಳಿಗೆ ಹೋಗಿ ಬಂದಂತಲ್ಲ. ಮುಂಬ್ರಾದ ತಿರುವುಗಳು, ಶೀಳ್ ಫಾಟಾದ ಟ್ರಕ್ಕುಗಳು, ಮಳೆನೀರು ತುಂಬಿ ಮರೆಯಾದ ಹೊಂಡಗಳು. ಆ ದಾರಿಯಲ್ಲಿ ಎಮ್ಮೆ ಉಂಟು, ಗಾಡಿ ಉಂಟು ಎಂದು ಹೇಳುವವರು ಯಾರು? ಮಾವ ಮಾತ್ರ ಮದುಮಗನ ಉತ್ಸಾಹದಲ್ಲಿದ್ದರು. ಬಿಳಿ ಅಂಗಿಗೆ ನೀಲಿ ಹಾಕಿಸಿದರು. ಹುಡ್ಡಿಗೆ ಮತ್ತೊಮ್ಮೆ ಮೇಣ ಬಳಿಸಿದರು, ಮಗುವಿನ ತಲೆಗೆ ಒಂದು ಹನಿ ಬೀಳಬಾರದು ಎಂದು. ನಾನು ಬಳಿಯುತ್ತಿದ್ದೆ, ಅವರು ಅಂಗೈ ಆಡಿಸಿ ನೋಡುತ್ತಿದ್ದರು. ಅಷ್ಟು ವರ್ಷ ಅದನ್ನು ಕಸುಬು ಎಂದುಕೊಂಡ ನನ್ನ ದಡ್ಡತನಕ್ಕೆ ನಾಚಿಕೆಯಾಯಿತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಆಜಿ ಮಲಗಿದ್ದರು. ಮಾವ ಕಾರಿಗೆ ಕಟ್ಟಲು ಹೂವಿನ ಹಾರ ಹೇಳಿಬರಲು ಪೇಟೆಗೆ ಹೋಗಿದ್ದರು. ಸೀರೆಯ ಫಾಲ್ ಬಿಚ್ಚಲು ಇಟ್ಟುಕೊಂಡಿದ್ದ ಅರ್ಧ ಬ್ಲೇಡು ಹಿಡಿದು ನಾನು ಶೆಡ್ಡಿಗೆ ಹೋದೆ. ಮೊದಲು ಹೊಲಿಗೆಯ ಮೇಲೆಯೇ ಇಟ್ಟೆ. ಇಟ್ಟು ತೆಗೆದೆ. ಹೊಲಿಗೆ ಬಿಚ್ಚಿದರೆ, ಸೊಸೆ ಇದ್ದಾಳಲ್ಲ, ಹೊಲಿದುಬಿಡು ಎನ್ನುತ್ತಾರೆ. ನಾನೇ ಹೊಲಿಯಬೇಕು, ಕಾರು ಹೊರಡುತ್ತದೆ. ಹಾಗಾಗಿ ಬ್ಲೇಡನ್ನು ಬಟ್ಟೆಯ ನಡುವೆ ಊರಿದೆ, ಹಿಂದಿನ ಸೀಟಿಗೆ ಸರಿಯಾಗಿ ಮೇಲೆ, ಮಗು ಮಲಗುವ ಮಡಿಲಿನ ಮೇಲೆ. ಮೇಣ ಕುಡಿದ ಕ್ಯಾನ್ವಾಸು ಸುಲಭಕ್ಕೆ ಬಗ್ಗಲಿಲ್ಲ. ಎರಡು ಕೈಯಲ್ಲಿ ಎಳೆಯಬೇಕಾಯಿತು. ಒಂದು ಮೊಳ ಕೊಯ್ದೆ. ಮೂರು ವರ್ಷ ಮಗುವಿಗೆ ಮಾಡಿದ ಹಾಗೆ ಅದಕ್ಕೆ ಮಾಡಿದ್ದೆ, ಬೈದುಕೊಂಡಾದರೂ ಮಾಡಿದ್ದೆ. ಅಳು ಬಂತು, ಅಳುತ್ತಲೇ ಬ್ಲೇಡನ್ನು ಮೋರಿಗೆ ಬಿಸಾಡಿದೆ.

ಸಂಜೆ ಮಾವ ಬಂದವರೇ ಶೆಡ್ಡಿಗೆ ಹೋದರು. ಹೊರಡುವ ಮುನ್ನಾದಿನದ ಪರೀಕ್ಷೆ. ನಾನು ಅಡುಗೆಮನೆಯ ಬಾಗಿಲಿನಲ್ಲಿ ನಿಂತೆ. ಅವರ ಅಂಗೈ ಮುಂದಿನಿಂದ ಹಿಂದಕ್ಕೆ ಸಾಗಿ ಬಂದು ಅಲ್ಲಿ ನಿಂತಿತು. ಹೆಬ್ಬೆರಳನ್ನು ಸೀಳಿನ ಈ ತುದಿಯಿಂದ ಆ ತುದಿಗೆ ಒಯ್ದರು, ಮತ್ತೆ ವಾಪಸು ತಂದರು. ಬೆರಳು ಎಲ್ಲೂ ತಡೆಯಲಿಲ್ಲ, ಅಷ್ಟು ನೇರ ಇತ್ತು ಅದು. ಆಮೇಲೆ ಬಂಗಲೆಯ ಮೆಟ್ಟಿಲ ಹತ್ತಿರ ಹೋಗಿ, ಹುಡ್ಡನ್ನು ಇಲಿ ಕಡಿದುಹಾಕಿದೆ, ನಾಳೆ ಕಾರು ಹೊರಡುವ ಹಾಗಿಲ್ಲ ಎಂದು ಆಜಿಗೆ ಮರಾಠಿಯಲ್ಲಿ ಹೇಳಿದರು. ಆಜಿ ಶೆಡ್ಡಿಗೆ ಬರಲೂ ಇಲ್ಲ. ಮಳೆಗಾಲದಲ್ಲಿ ಇಲಿಕಾಟ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮಾವ ಹೇಳಿದ ಮಾತನ್ನು ಪರೀಕ್ಷಿಸುವ ಅಭ್ಯಾಸ ಅವರಿಗಿರಲಿಲ್ಲ.

ಮಗು ಬಾಡಿಗೆ ಟ್ಯಾಕ್ಸಿಯಲ್ಲಿ ಬಂತು. ಟ್ಯಾಕ್ಸಿ ಆಸ್ಪತ್ರೆಗೆ ಹೊರಡುವ ಮೊದಲು ಮಾವ, ಹೇಳಿಬಂದಿದ್ದ ಹಾರವನ್ನು ಕೈಯಲ್ಲಿ ತಡವರಿಸಿ ತಡವರಿಸಿ ಆ ಟ್ಯಾಕ್ಸಿಗೇ ಕಟ್ಟಿದರು. ಅದು ಮಗುವಿನೊಂದಿಗೆ ತಿರುಗಿ ಬಂದಾಗ ನಾನು ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಆಮೇಲೆ ಎರಡು ವಾರ ಮಾವ ನನ್ನ ಜೊತೆ ಮಾತಾಡಲಿಲ್ಲ. ಬೇಕು, ಬೇಡ, ಸಾಕು ಅಷ್ಟೇ. ಗಣಪತಿ ಹಬ್ಬ ಕಳೆದ ಮೇಲೆ ಒಬ್ಬರೇ ಕಣ್ಣಿನ ಆಸ್ಪತ್ರೆಗೆ ಹೋಗಿಬಂದರು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ, ಆಪರೇಷನ್ ಮಾಡಿದರೆ ಸ್ವಲ್ಪ ಉಳಿಯಬಹುದು. ಆ ಚೀಟಿ ಹಿಡಿದುಕೊಂಡು ನೇರ ಆಜಿಯ ಹತ್ತಿರ ಹೋದರು. ಕಣ್ಣು ಕಾಣುವುದಿಲ್ಲ, ವರ್ಷಕ್ಕೂ ಮೇಲಾಯಿತು ಎಂದರು. ಬ್ಲೇಡಿನ ವಿಷಯ ಎತ್ತಲಿಲ್ಲ, ಇಲಿ ಇಲಿಯಾಗಿಯೇ ಉಳಿಯಿತು. ಆಜಿ ಮೊದಲು ನಂಬಲಿಲ್ಲ. ನಂಬಿದ ಮೇಲೆ ನಡುಗಿದರು. ಕುರುಡುಗಣ್ಣಿನಲ್ಲಿ ನನ್ನ ಎಳೆ ಕೂಸನ್ನು ತರಲು ಹೊರಟಿದ್ದೆಯಾ ಎಂದು ಕೇಳಿದ ಆ ದನಿ ನನಗೆ ಹಿತ್ತಲಿನವರೆಗೆ ಕೇಳಿಸಿತು. ಅವರು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕೀಲಿ ಮೇಜಿನ ಮೇಲಿಟ್ಟು ಹೋಗು ಎಂದರು. ಮನೆ ದೀಪಾವಳಿಯ ತನಕ.

ಡೊಂಬಿವಲಿಯ ಚಾಳಿನಲ್ಲಿ ಒಂದು ಕೋಣೆ ಸಿಕ್ಕಿತು, ನಲ್ಲಿ ಆರು ಮನೆಗೆ ಒಂದು. ಹೊರಡುವ ದಿನ ಸಾಮಾನು ಟೆಂಪೋಗೆ ಏರಿಸಿ ಆದ ಮೇಲೆ, ಹುಡ್ಡಿನ ಕೆಲಸ ಒಮ್ಮೆ ಪೂರ್ತಿ ಮಾಡಿಯೇ ಹೋಗುವ ಎಂದರು ಮಾವ. ವಾಗ್ಳೆ ಎಸ್ಟೇಟಿನವನು ಹಿಂದಿನ ವಾರ ಬಂದು ಸೀಳಿಗೆ ಒಳಗಿನಿಂದ ತೇಪೆ ಹಾಕಿಹೋಗಿದ್ದ, ಯಾರನ್ನೂ ಏನೂ ಕೇಳದೆ. ನಾನು ಬ್ರಷ್ ಹಾಕಿದೆ, ಅಂಟುವಾಳದ ನೀರಿನಲ್ಲಿ ಒರೆಸಿದೆ, ಫ್ಯಾನು ಟೆಂಪೋದಲ್ಲಿದ್ದ ಕಾರಣ ಬಿಸಿಲಿಗೆ ಬಿಟ್ಟೆ. ಪ್ಲಾಸ್ಟಿಕ್ ಕಿಟಕಿಗೆ ಹಲ್ಲುಪುಡಿ ಹಚ್ಚುವಾಗ ಮಾವ ಪಕ್ಕದಲ್ಲಿ ನಿಂತು ಹುಡ್ಡಿನ ಮೇಲೆ ಕೈ ಆಡಿಸುತ್ತಿದ್ದರು. ತೇಪೆಯ ಮೇಲೆ ಬಂದು ಕೈ ನಿಂತಿತು. ತುಳುವಿನಲ್ಲಿ ಹೇಳಿದರು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಹೊಲಿಗೆ ಬಿಚ್ಚಿದ್ದಿದ್ರೆ ನಿನ್ನ ಕೈಯಿಂದಲೇ ಹೊಲಿಸಿ ನಾನು ಹೊರಡ್ತಿದ್ದೆ. ಅದು ನಿನಗೆ ಗೊತ್ತಿತ್ತು.”

ನಾನು ಉಜ್ಜುವುದನ್ನು ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಮಾವ ತೇಪೆಯ ಮೇಲಿನಿಂದ ಕೈ ತೆಗೆದು ಮತ್ತೆ ಹೇಳಿದರು.

“ಎಮ್ಮೆ ಉಂಟು, ಬಸ್ಸು ಉಂಟು ಅಂತ ಎರಡು ತಿಂಗಳು ದಾರಿಯುದ್ದ ಹೇಳಿದಿ. ಮಾವ, ನಿಮಗೆ ಕಣ್ಣು ಕಾಣುದಿಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ನಿನಗೆ ಆಗ್ಲಿಲ್ಲ ಅಲ್ಲ, ಮಗಾ. ನಾನು ಅದಕ್ಕೇ ಕಾಯ್ತಾ ಇದ್ದೆ.”

ಟೆಂಪೋದವನು ಹಾರ್ನ್ ಹೊಡೆದ. ನಾನು ಕಿಟಕಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಹಳೆಯ ಪಂಚೆಯನ್ನು ಮಡಿಸಿ ಸೀಟಿನ ಮೇಲಿಟ್ಟು, ಮಾವನ ಕೈ ಹಿಡಿದುಕೊಂಡೆ. ಹಿತ್ತಲಿನ ಸಣ್ಣ ಗೇಟಿನ ತನಕ ಮೂರು ಮೆಟ್ಟಿಲಿದ್ದವು. ಮಾವ, ಮೆಟ್ಟಿಲು ಎಂದೆ.